ಗದ್ದುಗೆ ಬಿಟ್ಟು ಗೆದ್ದರು, ಹಟ ಹಿಡಿದು ಸೋತರು: ನಿಜಲಿಂಗಪ್ಪ ನಡೆದ ಹಾದಿ

ಐಮಂಗಲ: ಹಿರಿಯೂರಿನಿಂದ ಚಿತ್ರದುರ್ಗದತ್ತ ಸಾಗುವ ಹೆದ್ದಾರಿಯಲ್ಲಿ ಐಮಂಗಲದ ಬಳಿ ನಿಂತರೆ ಮುಂದೆ ದುರ್ಗ, ಎಡಕ್ಕೆ ಹೊಸದುರ್ಗ ಮತ್ತು ಹೊಳಲ್ಕೆರೆಯ ಸೀಮೆ. ಈ ಬಯಲು ನಾಡಿನ ಮತದಾರರು 1962ರಲ್ಲಿ ರಾಜ್ಯವೇ ಬೆರಗಾಗುವಂತಹ ತೀರ್ಪೊಂದನ್ನು ನೀಡಿದರು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ, ಇದೇ ಜಿಲ್ಲೆಯಲ್ಲಿ ವಕೀಲಿ ಮಾಡಿ ಬೆಳೆದಿದ್ದ ಎಸ್. ನಿಜಲಿಂಗಪ್ಪ ಅವರು ಹೊಸದುರ್ಗ ವಿಧಾನಸಭಾ ಕ್ಷೇತ್ರದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಅವರೆದುರು ಸೋತುಹೋದರು. ಸೋಲು ಅವರದಾಗಿತ್ತು, ಆದರೆ ಗೆದ್ದು ಬಂದ ಕಾಂಗ್ರೆಸ್ ಶಾಸಕರಲ್ಲಿ ಹೆಚ್ಚಿನವರು ಅವರ ಬಣದವರೇ ಆಗಿದ್ದರು.

ಅಂತಹ ಸಂದರ್ಭದಲ್ಲಿ ನಾಯಕನಾದವನು ಏನು ಮಾಡಬೇಕು? ಜನ ತಿರಸ್ಕರಿಸಿದರೆಂದು ಪಕ್ಷದೊಳಗಿನ ಪೈಪೋಟಿಯಿಂದ ಹಿಂದೆ ಸರಿಯಬೇಕೆ? ಅಥವಾ ಶಾಸಕರ ಬೆಂಬಲವಿದೆಯೆಂದು ಕಣದಲ್ಲಿಯೇ ಉಳಿಯಬೇಕೆ? ಪಕ್ಷಗಳ ಒಳಜಗಳ ದೀರ್ಘವಾದಾಗಲೆಲ್ಲ ಏಳುವ ಪ್ರಶ್ನೆಯಿದು. ನಿಜಲಿಂಗಪ್ಪನವರ ಬದುಕಿನಲ್ಲಿ ಈ ಪ್ರಶ್ನೆ ಒಮ್ಮೆಯಲ್ಲ, ನಾಲ್ಕಾರು ಬಾರಿ ಎದುರಾಯಿತು. ಒಮ್ಮೆ ಅವರು ಸರಿದು ನಿಂತರು, ಮತ್ತೊಮ್ಮೆ ಉಳಿದು ಗೆದ್ದರು, ಇನ್ನೊಮ್ಮೆ ಉಳಿದುದರಿಂದಲೇ ಎಲ್ಲವನ್ನೂ ಕಳೆದುಕೊಂಡರು. ಕರ್ನಾಟಕದ ರಾಜಕಾರಣವನ್ನು ಅರಿಯಬಯಸುವವರಿಗೆ ಈ ಮೂರೂ ಘಟ್ಟಗಳು ಇಂದಿಗೂ ಪಾಠವೇ ಸರಿ.

ಹಲುವಾಗಲಿನಿಂದ ದುರ್ಗಕ್ಕೆ

ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರು ಜನಿಸಿದ್ದು 1902ರ ಡಿಸೆಂಬರ್ 10ರಂದು, ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಆಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಂದು ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದೆ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ತಾಯಿಯ ಆಸರೆಯಲ್ಲಿ ಬೆಳೆದ. ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ಶಾಲಾ ವಿದ್ಯಾಭ್ಯಾಸ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ವ್ಯಾಸಂಗ. ಅದು ಮುಗಿದ ಬಳಿಕ ಅವರು ಚಿತ್ರದುರ್ಗಕ್ಕೆ ಮರಳಿ ವಕೀಲಿ ವೃತ್ತಿ ಆರಂಭಿಸಿದರು. ಹುಟ್ಟಿದ ಊರು ಬೇರೆಯಾದರೂ ಅಂದಿನಿಂದ ಅವರು ದುರ್ಗದವರೇ ಆದರು.

ಕೋರ್ಟಿನ ಕೆಲಸ ಕೈಹಿಡಿದಿತ್ತು. ಆದರೆ ಮನಸ್ಸು ಎಳೆದದ್ದು ರಾಷ್ಟ್ರೀಯ ಚಳವಳಿಯ ಕಡೆಗೆ. ಸೇವಾದಳದ ಸ್ಥಾಪಕ ಡಾ. ಎನ್.ಎಸ್. ಹರ್ಡೀಕರ್ ಅವರ ಪ್ರಭಾವಕ್ಕೆ ಒಳಗಾದ ನಿಜಲಿಂಗಪ್ಪ ಸ್ವಯಂಸೇವಕರಾಗಿ ಕಾಂಗ್ರೆಸ್ ಅಂಗಳಕ್ಕೆ ಕಾಲಿರಿಸಿದರು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ನಡೆದ ಈಚಲು ಮರ ಕಡಿಯುವ ಸತ್ಯಾಗ್ರಹ ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಪ್ರಮುಖವಾದುದು. ಹೆಂಡದ ಆದಾಯವನ್ನು ನೆಚ್ಚಿದ್ದ ಸರ್ಕಾರಕ್ಕೆ ಜನರು ಕೊಡಲಿ ಹಿಡಿದು ಉತ್ತರ ಕೊಟ್ಟರು. ಅದರ ಮುಂಚೂಣಿಯಲ್ಲಿದ್ದ ನಿಜಲಿಂಗಪ್ಪನವರಿಗೆ ಜೈಲುವಾಸವಾಯಿತು. ಕರಿಕೋಟು ಹಿಂದೆ ಸರಿಯಿತು, ಖಾದಿ ಮುಂದೆ ಬಂತು.

ಅಲ್ಲಿಂದ ಮುಂದೆ ಅವರು ಏರಿದ ಮೆಟ್ಟಿಲುಗಳೆಲ್ಲ ಸಂಘಟನೆಯವು. ಮೈಸೂರು ಕಾಂಗ್ರೆಸ್ ಅಧ್ಯಕ್ಷಗಿರಿ, ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷಗಿರಿ, ಸಂವಿಧಾನ ರಚನಾ ಸಭೆಯ ಸದಸ್ಯತ್ವ, 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆ. ಈ ಹಿನ್ನೆಲೆಯನ್ನು ಮರೆಯಬಾರದು. ಸರ್ಕಾರದ ಕುರ್ಚಿಗಿಂತ ಪಕ್ಷದ ಕಚೇರಿಯೇ ದೊಡ್ಡದೆಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಈ ವರ್ಷಗಳಲ್ಲಿಯೇ. ಅವರನ್ನು ಕಾಪಾಡಿದ್ದೂ, ಕೊನೆಗೆ ಮುಳುಗಿಸಿದ್ದೂ ಅದೇ ನಂಬಿಕೆ.

ಒಂದಾದ ನಾಡು, ಒಂದಾಗದ ಪಕ್ಷ

ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದವು. ಏಕೀಕರಣಕ್ಕಾಗಿ ದುಡಿದವರ ಮೊದಲ ಸಾಲಿನಲ್ಲಿ ನಿಜಲಿಂಗಪ್ಪ ಇದ್ದರು. ಆದರೆ ನಾಡು ಕೂಡಿದ ವರ್ಷವೇ ಕಾಂಗ್ರೆಸ್ ಒಳಗೆ ನಾಯಕತ್ವದ ಜಗ್ಗಾಟ ಜೋರಾಗಿತ್ತು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷೀಯರ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನದಿಂದ ಇಳಿಯಬೇಕಾಯಿತು. ಅವರ ಜಾಗಕ್ಕೆ ಬಂದ ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳಷ್ಟೇ ಅಧಿಕಾರದಲ್ಲಿದ್ದು, ಹೊಸ ರಾಜ್ಯ ಉದಯಿಸುವ ಮುನ್ನಾದಿನ ಗದ್ದುಗೆ ಬಿಟ್ಟುಕೊಟ್ಟರು. ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ನಿಜಲಿಂಗಪ್ಪ ಪ್ರಮಾಣವಚನ ಸ್ವೀಕರಿಸಿದರು.

1957ರ ಚುನಾವಣೆಯಲ್ಲಿ ಅವರು ಆರಿಸಿ ಬಂದದ್ದು ಜಿಲ್ಲೆಯ ಮೊಳಕಾಲ್ಮುರು ಕ್ಷೇತ್ರದಿಂದ. 208 ಸ್ಥಾನಗಳ ಸದನದಲ್ಲಿ ಕಾಂಗ್ರೆಸ್‌ಗೆ 150 ಸ್ಥಾನ ದೊರೆತವು. ಲೆಕ್ಕದಲ್ಲಿ ಇದು ಭದ್ರ ಸರ್ಕಾರ. ಆದರೆ ಹಳೆ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕರಾವಳಿ ಎಂಬ ಭಾಗಗಳಿಂದ ಬಂದ ಶಾಸಕರಿಗೆ ಒಬ್ಬರನ್ನೊಬ್ಬರು ನಂಬುವುದಕ್ಕೆ ಸಮಯ ಬೇಕಿತ್ತು. ಸಂಪುಟದಲ್ಲಿ ಪಾಲು ಸಿಗದವರು, ಪ್ರದೇಶಕ್ಕೆ ನ್ಯಾಯ ದೊರೆಯಲಿಲ್ಲವೆಂದು ಕೊರಗುವವರು, ಹಳೆಯ ಮುನಿಸು ಮರೆಯದವರು ಎಲ್ಲ ಕಡೆಯೂ ಇದ್ದರು. ಭಿನ್ನಮತ ಬೆಳೆಯುತ್ತ ಹೋಯಿತು.

ಸರಿದು ನಿಂತ 1958

1958ರ ಮೇ ತಿಂಗಳಿನಲ್ಲಿ ನಿಜಲಿಂಗಪ್ಪ ರಾಜೀನಾಮೆ ನೀಡಿದರು. ಜಮಖಂಡಿಯ ಬಿ.ಡಿ. ಜತ್ತಿಯವರು ಅದೇ ತಿಂಗಳ 16ರಂದು ಮುಖ್ಯಮಂತ್ರಿಯಾದರು. ಏಕೀಕರಣದ ಮುಖ್ಯಮಂತ್ರಿಯೆಂಬ ಹಿರಿಮೆಗೆ ಎರಡು ವರ್ಷವೂ ತುಂಬಿರಲಿಲ್ಲ. ಹಠಕ್ಕೆ ಬಿದ್ದು ಪ್ರತಿಯೊಬ್ಬ ಶಾಸಕನನ್ನೂ ಎಣಿಸುತ್ತ ಕುಳಿತಿದ್ದರೆ ಇನ್ನಷ್ಟು ತಿಂಗಳು ಅಧಿಕಾರದಲ್ಲಿ ಉಳಿಯುತ್ತಿದ್ದರೋ ಏನೋ. ಆದರೆ ಅದಕ್ಕೆ ಹೊಸದಾಗಿ ಕೂಡಿದ್ದ ರಾಜ್ಯದ ಪಕ್ಷವೇ ಪ್ರಾದೇಶಿಕ ತುಂಡುಗಳಾಗಿ ಒಡೆಯುವ ಬೆಲೆಯನ್ನು ತೆರಬೇಕಾಗುತ್ತಿತ್ತು.

ಸರಿದು ನಿಂತದ್ದರ ಫಲವೇನು? ಒಂದನೆಯದಾಗಿ, ಪಕ್ಷ ಒಡೆಯಲಿಲ್ಲ. ಎರಡನೆಯದಾಗಿ, ಅವರ ಬಣವೂ ಚದುರಲಿಲ್ಲ. ಕುರ್ಚಿ ಕಳೆದುಕೊಂಡ ನಾಯಕನ ಸುತ್ತ ಜನ ಉಳಿಯುವುದಿಲ್ಲ ಎಂಬುದು ರಾಜಕಾರಣದ ಸಾಮಾನ್ಯ ನಿಯಮ. ನಿಜಲಿಂಗಪ್ಪನವರ ವಿಷಯದಲ್ಲಿ ಅದು ಹುಸಿಯಾಯಿತು. ಜತ್ತಿಯವರು ಆಡಳಿತ ನಡೆಸಿದ ನಾಲ್ಕು ವರ್ಷ ಅವರು ಜಿಲ್ಲೆಗಳನ್ನು ಸುತ್ತಿದರು, ಕಾರ್ಯಕರ್ತರನ್ನು ಕೈಬಿಡಲಿಲ್ಲ. ಪೈಪೋಟಿಯಲ್ಲಿ ಹಿಂದೆ ಬಿದ್ದವರು ಮನೆಗೆ ಹೋಗಬೇಕಾಗಿಲ್ಲ, ಸ್ಥಾನವನ್ನಷ್ಟೇ ಬಿಟ್ಟರೆ ಸಾಕು ಎಂಬುದನ್ನು ಆ ನಾಲ್ಕು ವರ್ಷಗಳು ತೋರಿಸಿಕೊಟ್ಟವು.

ಹೊಸದುರ್ಗದ ಪೆಟ್ಟು

ಹಾಗೆ ಸಂಘಟನೆಯನ್ನು ಹಿಡಿದು ನಿಂತ ನಾಯಕನಿಗೆ 1962 ಮರಳಿ ಬರುವ ವರ್ಷವಾಗಬೇಕಿತ್ತು. ಕಾಂಗ್ರೆಸ್ 208ರಲ್ಲಿ 138 ಸ್ಥಾನ ಗೆದ್ದಿತು. ಗೆದ್ದವರಲ್ಲಿ ಬಹುಮತ ನಿಜಲಿಂಗಪ್ಪ ಬಣದ್ದು. ಆದರೆ ಪಟ್ಟಿಯಲ್ಲಿ ನಿಜಲಿಂಗಪ್ಪನವರ ಹೆಸರೇ ಇರಲಿಲ್ಲ! ಮಳೆ ಕಂಡರೆ ಹಬ್ಬ ಮಾಡುವ ಹೊಸದುರ್ಗದ ಒಕ್ಕಲು ಜನ ರಾಜ್ಯದ ಲೆಕ್ಕಾಚಾರ ನೋಡದೆ ತಮ್ಮ ಊರಿನ ಲೆಕ್ಕ ನೋಡಿದ್ದರು.

ಜತ್ತಿಯವರ ಪರ ಇದ್ದವರ ವಾದ ಸರಳವಾಗಿತ್ತು. ಅವರು ಹಾಲಿ ಮುಖ್ಯಮಂತ್ರಿ. ಜಮಖಂಡಿಯಿಂದ ಗೆದ್ದು ಬಂದವರು. ತಮ್ಮ ಜಿಲ್ಲೆಯಲ್ಲಿಯೇ ಸೋತವರಿಗಾಗಿ ಗೆದ್ದವರು ಏಕೆ ಸ್ಥಾನ ಬಿಡಬೇಕು? ಪ್ರಜಾಪ್ರಭುತ್ವದಲ್ಲಿ ಮತದಾರನ ಮಾತಿಗಿಂತ ಮಿಗಿಲಾದುದು ಯಾವುದು? ಎದುರು ಬಣದ ವಾದದಲ್ಲಿಯೂ ತಿರುಳಿತ್ತು. ಮುಖ್ಯಮಂತ್ರಿಯನ್ನು ಆರಿಸುವುದು ಒಂದು ಕ್ಷೇತ್ರದ ಮತದಾರರಲ್ಲ, ಶಾಸಕಾಂಗ ಪಕ್ಷ. ಅಲ್ಲಿ ಯಾರ ಕಡೆ ಹೆಚ್ಚು ಜನರಿದ್ದಾರೆಂಬುದೇ ನಿರ್ಣಾಯಕ. ಒಂದು ಕ್ಷೇತ್ರದ ಸೋಲು ಇಡೀ ರಾಜ್ಯದ ಗೆಲುವನ್ನು ಅಳಿಸಲಾರದು.

ಶಾಸಕರಲ್ಲದವರೂ ಆರು ತಿಂಗಳವರೆಗೆ ಮಂತ್ರಿಯಾಗಿರಲು ಸಂವಿಧಾನದ 164ನೇ ವಿಧಿಯಲ್ಲಿ ಅವಕಾಶವಿದೆ. ಆ ದಾರಿ ಹಿಡಿದು ನಿಜಲಿಂಗಪ್ಪ ಅಂದೇ ಪ್ರಮಾಣವಚನ ಸ್ವೀಕರಿಸಬಹುದಿತ್ತು. ಹಾಗಾಗಲಿಲ್ಲ. ಅವರ ಬಣ ಮುಂದಿಟ್ಟದ್ದು ಹುನಗುಂದದ ಎಸ್.ಆರ್. ಕಂಠಿಯವರ ಹೆಸರನ್ನು. ಏಕೀಕರಣದಿಂದ ಅಲ್ಲಿಯವರೆಗೆ ವಿಧಾನಸಭಾಧ್ಯಕ್ಷರಾಗಿದ್ದ, ಎಲ್ಲರ ಗೌರವಕ್ಕೆ ಪಾತ್ರರಾಗಿದ್ದ ಸಜ್ಜನ ಅವರು. 1962ರ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಯಾದರು. ಬಹುಮತ ತಮ್ಮ ಕಡೆಗಿಲ್ಲವೆಂದು ಅರಿತ ಜತ್ತಿಯವರು ಪಕ್ಷವನ್ನು ಒಡೆಯಲು ಹೋಗಲಿಲ್ಲ. ಸ್ಥಾನ ತೆರವು ಮಾಡಿದರು.

ಬಾಗಲಕೋಟೆಯ ಶಾಸಕರಾಗಿ ಆಯ್ಕೆಯಾಗಿದ್ದ ಬಿ.ಟಿ. ಮುರನಾಳ ಅವರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ಅಲ್ಲಿನ ಉಪಚುನಾವಣೆಯಲ್ಲಿ ನಿಜಲಿಂಗಪ್ಪ ಆಯ್ಕೆಯಾದರು. ದುರ್ಗದ ಸೀಮೆ ತಿರಸ್ಕರಿಸಿದ ನಾಯಕನನ್ನು ಕೃಷ್ಣಾ ತೀರದ ಸೀಮೆ ಕೈಹಿಡಿಯಿತು. ಜೂನ್ 20ರಂದು ಕಂಠಿಯವರು ರಾಜೀನಾಮೆಯಿತ್ತರು. ಮರುದಿನ ನಿಜಲಿಂಗಪ್ಪ ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ನೂರು ದಿನಗಳ ಆಸುಪಾಸು ಗದ್ದುಗೆ ಕಾಯ್ದು, ಕೇಳಿದಾಗ ತಕರಾರಿಲ್ಲದೆ ಒಪ್ಪಿಸಿದ ಕಂಠಿಯವರನ್ನು ಪಾದುಕೆ ಇಟ್ಟು ರಾಜ್ಯವಾಳಿದ ಭರತನಿಗೆ ಹೋಲಿಸುವುದುಂಟು. ಕರ್ನಾಟಕದ ಇತಿಹಾಸದಲ್ಲಿ ಅಂತಹ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ಇದಾದ ಮೇಲೆ ನಡೆದದ್ದು ಇನ್ನೂ ಗಮನಾರ್ಹ. ನಿಜಲಿಂಗಪ್ಪನವರು ತಮ್ಮ ಪ್ರತಿಸ್ಪರ್ಧಿ ಜತ್ತಿಯವರನ್ನು ದೂರವಿಡಲಿಲ್ಲ. 1962ರ ಜುಲೈ ಆರಂಭದಲ್ಲಿ ಅವರನ್ನು ಹಣಕಾಸು ಮಂತ್ರಿಯನ್ನಾಗಿ ಮಾಡಿಕೊಂಡರು. ಕಂಠಿಯವರಿಗೆ ಶಿಕ್ಷಣ ಖಾತೆ ದೊರೆಯಿತು. ಮುಖ್ಯಮಂತ್ರಿಯಾಗಿದ್ದವರು ಮತ್ತೊಬ್ಬರ ಕೈಕೆಳಗೆ ಮಂತ್ರಿಯಾಗುವುದು ಅವಮಾನವೆಂದು ಜತ್ತಿಯವರೂ ಭಾವಿಸಲಿಲ್ಲ. ಸಮಯಕ್ಕೆ ಸರಿದ ಜತ್ತಿಯವರ ಹಾದಿ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಅವರು 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿಯೂ ಕಾರ್ಯನಿರ್ವಹಿಸಿದರು.

ಆರು ವರ್ಷಗಳ ಆಡಳಿತ

1962ರಿಂದ 1968ರವರೆಗಿನ ಅವಧಿ ನಿಜಲಿಂಗಪ್ಪನವರ ಆಡಳಿತದ ಸುವರ್ಣಕಾಲ. ಶರಾವತಿ ವಿದ್ಯುತ್ ಯೋಜನೆ ನಾಡಿಗೆ ಬೆಳಕು ತಂದದ್ದು ಈ ಕಾಲದಲ್ಲಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದವು. ಗಡಿ ವಿವಾದದ ಕುರಿತ ಮಹಾಜನ ಆಯೋಗ 1967ರಲ್ಲಿ ವರದಿ ನೀಡಿದಾಗ ಅದನ್ನು ಒಪ್ಪಿಕೊಂಡವರೂ ಅವರೇ. 1967ರ ಚುನಾವಣೆಯಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡರೂ ಮೈಸೂರು ರಾಜ್ಯದಲ್ಲಿ 216ರಲ್ಲಿ 126 ಸ್ಥಾನ ಪಡೆದು ಪಕ್ಷ ಉಳಿದುಕೊಂಡಿತು. ಆ ಬಾರಿ ನಿಜಲಿಂಗಪ್ಪ ಗೆದ್ದದ್ದು ಧಾರವಾಡ ಸೀಮೆಯ ಶಿಗ್ಗಾವಿಯಿಂದ. ಹೊಸದುರ್ಗಕ್ಕೆ ಅವರು ಮರಳಲಿಲ್ಲ.

ದೆಹಲಿಯ ಕಣದಲ್ಲಿ ಮೊರಾರ್ಜಿ

ಇದೇ ವೇಳೆಗೆ ನಿಜಲಿಂಗಪ್ಪನವರ ಮಾತಿಗೆ ದೆಹಲಿಯಲ್ಲಿಯೂ ತೂಕ ಬಂದಿತ್ತು. ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್, ಎಸ್.ಕೆ. ಪಾಟೀಲ್ ಮೊದಲಾದ ಪ್ರಾಂತೀಯ ನಾಯಕರ ಕೂಟವನ್ನು ಪತ್ರಿಕೆಗಳು ಸಿಂಡಿಕೇಟ್ ಎಂದು ಕರೆದವು. ಅದರಲ್ಲಿ ನಿಜಲಿಂಗಪ್ಪ ಒಬ್ಬರು. ಮೂರು ವರ್ಷಗಳಲ್ಲಿ ಮೂರು ಬಾರಿ ಪ್ರಧಾನಿಯ ಆಯ್ಕೆಯನ್ನು ಹತ್ತಿರದಿಂದ ಕಂಡ ಕೂಟವದು. ಮೂರು ಬಾರಿಯೂ ಹಿಂದೆ ಬಿದ್ದ ಅಭ್ಯರ್ಥಿ ಒಬ್ಬರೇ: ಮೊರಾರ್ಜಿ ದೇಸಾಯಿ.

1964ರ ಮೇ 27ರಂದು ನೆಹರೂ ನಿಧನರಾದಾಗ ಮೊರಾರ್ಜಿಯವರು ಆಕಾಂಕ್ಷಿಯಾಗಿದ್ದರು. ಅಧ್ಯಕ್ಷ ಕಾಮರಾಜ್ ಎಲ್ಲರ ಅಭಿಪ್ರಾಯ ಸಂಗ್ರಹಿಸಿದರು. ಒಲವು ಶಾಸ್ತ್ರಿಯವರ ಕಡೆಗಿತ್ತು. ಮೊರಾರ್ಜಿ ಹಿಂದೆ ಸರಿದರು. ಜೂನ್ 2ರಂದು ಶಾಸ್ತ್ರಿಯವರ ಹೆಸರನ್ನು ಅನುಮೋದಿಸಿದವರು ಅವರೇ. 1966ರ ಜನವರಿಯಲ್ಲಿ ಶಾಸ್ತ್ರಿಯವರು ತಾಷ್ಕೆಂಟ್‌ನಲ್ಲಿ ತೀರಿಕೊಂಡ ಬಳಿಕ ಮೊರಾರ್ಜಿ ಸರಿಯಲು ಒಪ್ಪಲಿಲ್ಲ. ಮುಖ್ಯಮಂತ್ರಿಗಳು ಇಂದಿರಾ ಗಾಂಧಿಯವರ ಬೆನ್ನಿಗಿದ್ದಾರೆಂದು ಗೊತ್ತಿದ್ದರೂ ಮತದಾನವೇ ಆಗಲಿ ಎಂದು ಪಟ್ಟು ಹಿಡಿದರು. ಜನವರಿ 19ರಂದು ಮತ ಎಣಿಸಿದಾಗ ಇಂದಿರಾ 355, ಮೊರಾರ್ಜಿ 169. 1967ರ ಚುನಾವಣೆಯ ನಂತರ ಪುನಃ ಸ್ಪರ್ಧೆಯ ಸೂಚನೆ ಕಂಡಿತಾದರೂ ರಾಜಿಯಾಯಿತು. ಇಂದಿರಾ ಅವಿರೋಧವಾಗಿ ಆಯ್ಕೆಯಾದರು, ಮೊರಾರ್ಜಿ ಉಪಪ್ರಧಾನಿಯಾದರು.

ಈ ಮೂರು ಪ್ರಸಂಗಗಳನ್ನು ತೂಗಿ ನೋಡಿದರೆ ಒಂದು ಮಾತು ಸ್ಪಷ್ಟ. ಹಿಂದೆ ಬಿದ್ದವರು ಕಣದಲ್ಲಿ ಉಳಿಯುವುದೇ ತಪ್ಪಲ್ಲ. 1966ರ ಮತದಾನದಿಂದ ಪಕ್ಷ ಒಡೆಯಲಿಲ್ಲ. ಮೊರಾರ್ಜಿಯವರಿಗೆ ಬಿದ್ದ 169 ಮತಗಳೇ ಮರುವರ್ಷ ಅವರಿಗೆ ಉಪಪ್ರಧಾನಿ ಪಟ್ಟದ ಬಾಗಿಲು ತೆರೆದವು ಎನ್ನಬಹುದು. ಎಣಿಕೆ ಮುಗಿದ ಮೇಲೆ ತೀರ್ಪು ಒಪ್ಪಿಕೊಂಡದ್ದರಿಂದ ಅದು ಸಾಧ್ಯವಾಯಿತು.

ಹೊರದೇಶದ ಅನುಭವವೂ ಇದೇ. ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ರಾಜ್ಯದಿಂದ ರಾಜ್ಯಕ್ಕೆ ತಿಂಗಳುಗಟ್ಟಲೆ ಒಳಚುನಾವಣೆ ನಡೆಯುತ್ತದೆ. 1980ರಲ್ಲಿ ಎಡ್ವರ್ಡ್ ಕೆನಡಿ ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಹಿಂದೆ ಬಿದ್ದಿದ್ದರೂ ಪಕ್ಷದ ಮಹಾಧಿವೇಶನದವರೆಗೆ ಹೋರಾಟವನ್ನು ಎಳೆದೊಯ್ದರು. ಆ ವರ್ಷದ ಚುನಾವಣೆಯಲ್ಲಿ ಕಾರ್ಟರ್ ರೇಗನ್ ಎದುರು ಸೋತರು. 2008ರಲ್ಲಿ ಹಿಲರಿ ಕ್ಲಿಂಟನ್ ಕೊನೆಯ ರಾಜ್ಯದ ಮತದಾನದವರೆಗೂ ಉಳಿದರು, ಆದರೆ ಅದು ಮುಗಿದ ಕೆಲವೇ ದಿನಗಳಲ್ಲಿ, ಜೂನ್ 7ರಂದು, ಬರಾಕ್ ಒಬಾಮ ಅವರಿಗೆ ಬೆಂಬಲ ಘೋಷಿಸಿದರು. ಒಬಾಮ ಗೆದ್ದರು; ಕ್ಲಿಂಟನ್ ಅವರ ಸಂಪುಟದಲ್ಲಿ ವಿದೇಶಾಂಗ ಸಚಿವೆಯಾದರು. 1962ರ ಜತ್ತಿಯವರ ಕಥೆಯೂ ಇದಕ್ಕೆ ಬಹುದೂರದ್ದಲ್ಲ.

ಸರಿಯದೆ ನಿಂತ 1969

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದರು. ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಪಾಟೀಲ ಮತ್ತು ರಾಮಕೃಷ್ಣ ಹೆಗಡೆ ಅವರ ಲವ-ಕುಶರೆಂದೇ ಹೆಸರಾಗಿದ್ದರು. ತಾವಾಗಿ ಗದ್ದುಗೆಯಿಂದ ಇಳಿದದ್ದು ಇದು ಎರಡನೆಯ ಬಾರಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ನಿಧನರಾದರು. ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆ ಕಾಂಗ್ರೆಸ್ಸನ್ನು ಸೀಳಿತು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಆ ಸಂದರ್ಭದಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ ಇಂದಿರಾ ಅವರ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಇಂದಿರಾ ಮೌನವಾಗಿ ಮರಳಲಿಲ್ಲ. ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಪಕ್ಷೇತರರಾಗಿ ನಿಂತ ವಿ.ವಿ. ಗಿರಿಯವರ ಪರ ಆತ್ಮಸಾಕ್ಷಿ ಮತದ ಕೂಗು ಎದ್ದಿತು.

ನಿಜಲಿಂಗಪ್ಪನವರ ದೃಷ್ಟಿಯಲ್ಲಿ ಇದು ಶಿಸ್ತಿನ ಪ್ರಶ್ನೆಯಾಗಿತ್ತು. ಪಕ್ಷ ಅಧಿಕೃತವಾಗಿ ಆರಿಸಿದ ಅಭ್ಯರ್ಥಿಗೆ ಪಕ್ಷದ ಪ್ರಧಾನಿಯೇ ಮತ ಕೇಳದಿದ್ದರೆ ಸಂಘಟನೆಗೆ ಉಳಿಯುವ ಬೆಲೆಯೇನು? ನ್ಯಾಯದ ತಕ್ಕಡಿಯಲ್ಲಿ ಇಟ್ಟರೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೇಳಲು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರ ಜೊತೆ ಮಾತುಕತೆಗೆ ಕುಳಿತಾಗ ಅದೇ ವಾದದ ಬಲ ಕುಂದಿತು. ವಿರೋಧಿಗಳ ಬಾಗಿಲು ತಟ್ಟಿದವರು ಶಿಸ್ತಿನ ಮಾತಾಡುವುದು ಹೇಗೆಂದು ಇಂದಿರಾ ಬಣ ಕೇಳಿತು. ಆಗಸ್ಟ್ 16ರಂದು ಮತದಾನವಾಯಿತು, 20ರಂದು ಎಣಿಕೆ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಸೇರಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ ಕೇವಲ 14,650.

ಎಣಿಕೆ ಮುಗಿದಿತ್ತು. ತೀರ್ಪು ಬಂದಿತ್ತು. ಆಗಸ್ಟ್ ಕೊನೆಯ ವಾರದಲ್ಲಿ ಕಾರ್ಯಕಾರಿ ಸಮಿತಿ ಸೇರಿ ಐಕ್ಯದ ನಿರ್ಣಯವನ್ನೂ ಮಾಡಿತು. 1958ರ ನಿಜಲಿಂಗಪ್ಪ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಆದರೆ ಅಂದು ಅವರ ಕೈಯಲ್ಲಿದ್ದದ್ದು ಸ್ವಂತದ ಕುರ್ಚಿ. ಅದನ್ನು ಬಿಡುವ ಹಕ್ಕು ಅವರಿಗಿತ್ತು. 1969ರಲ್ಲಿ ಅವರ ಕೈಯಲ್ಲಿದ್ದದ್ದು ಪಕ್ಷದ ಅಧ್ಯಕ್ಷ ಪೀಠ. ಅದರ ಘನತೆಯನ್ನು ಬಿಟ್ಟುಕೊಡಲು ತಮಗೆ ಅಧಿಕಾರವಿಲ್ಲವೆಂಬ ನಿಲುವು ಅವರದಾಗಿತ್ತು. ಎದುರಿಗಿದ್ದ ಇಂದಿರಾ ಕೂಡ ಹಿಂದೆ ಸರಿಯುವವರಲ್ಲ. ಐಕ್ಯದ ನಿರ್ಣಯ ಎರಡು ತಿಂಗಳು ಬಾಳಿತು.

ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಕಾರ್ಯಕಾರಿ ಸಮಿತಿಯ ಸದಸ್ಯರು ಎರಡು ಕಡೆ ಸಭೆ ನಡೆಸಿದರು: ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿ ನಿವಾಸದಲ್ಲಿ. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದ ಅಧ್ಯಕ್ಷರೆಂದು ನಿಜಲಿಂಗಪ್ಪನವರ ಹೆಸರು ಇತಿಹಾಸದಲ್ಲಿ ದಾಖಲಾಯಿತು. ಹತ್ತು ದಿನಗಳ ನಂತರ ಇಂದಿರಾ ಬಣ ಕರೆದ ಎಐಸಿಸಿ ಸಭೆಗೆ 705 ಸದಸ್ಯರ ಪೈಕಿ 446 ಮಂದಿ ಬಂದರು. ಲೆಕ್ಕ ಯಾವ ಕಡೆ ಇದೆಯೆಂಬುದು ಅಂದೇ ಬಯಲಾಗಿತ್ತು.

ಮತದಾರ ಬರೆದ ಕೊನೆಯ ಸಾಲು

ಸಂಸ್ಥಾ ಕಾಂಗ್ರೆಸ್ ಎಂದು ಹೆಸರಾದ ನಿಜಲಿಂಗಪ್ಪ ಬಣಕ್ಕೆ ಅಧಿಕಾರ ಉಳಿದದ್ದು ಮೈಸೂರು ಮತ್ತು ಗುಜರಾತ್ ರಾಜ್ಯಗಳಲ್ಲಿ ಮಾತ್ರ. ವೀರೇಂದ್ರ ಪಾಟೀಲರು ಗುರುವಿನ ಜೊತೆ ನಿಂತರು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ಬಡತನ ತೊಲಗಿಸುವ ಘೋಷಣೆಯೊಡನೆ ಹೊರಟ ಇಂದಿರಾ ಅವರ ಪಕ್ಷ 352 ಸ್ಥಾನ ಗೆದ್ದಿತು. ಸಂಸ್ಥಾ ಕಾಂಗ್ರೆಸ್‌ಗೆ ದಕ್ಕಿದ್ದು 16. ನಿಜಲಿಂಗಪ್ಪನವರ ತವರು ರಾಜ್ಯದಲ್ಲಿ 27ಕ್ಕೆ 27 ಸ್ಥಾನಗಳೂ ಇಂದಿರಾ ಅವರ ಪಾಲಾದವು. ಚಿತ್ರದುರ್ಗವೂ ಅದರಿಂದ ಹೊರತಾಗಲಿಲ್ಲ. ಅದೇ ಮಾರ್ಚ್‌ನಲ್ಲಿ ವೀರೇಂದ್ರ ಪಾಟೀಲ ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಏಕೀಕರಣದಿಂದ ನಡೆದುಬಂದ ನಾಯಕರ ತಲೆಮಾರು ಅಧಿಕಾರದಿಂದ ಹಿಂದೆ ಸರಿಯಿತು. ಹಿಂದುಳಿದ ವರ್ಗಗಳ ರಾಜಕಾರಣದ ಹೊಸ ಅಧ್ಯಾಯ ತೆರೆಯಿತು.

ಆ ಸೋಲಿನ ಬಳಿಕ ನಿಜಲಿಂಗಪ್ಪ ಮತ್ತೆ ಗದ್ದುಗೆಯ ಅಖಾಡಕ್ಕೆ ಇಳಿಯಲಿಲ್ಲ. ಅವರ ಶಿಷ್ಯರಲ್ಲಿ ರಾಮಕೃಷ್ಣ ಹೆಗಡೆ 1983ರಲ್ಲಿ ಜನತಾ ಪಕ್ಷದಿಂದ ಮುಖ್ಯಮಂತ್ರಿಯಾದರು. ವೀರೇಂದ್ರ ಪಾಟೀಲರು ಇಂದಿರಾ ಕಾಂಗ್ರೆಸ್ ಸೇರಿ 1989ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯಾದರು. ಲವ ಒಂದು ದಡ, ಕುಶ ಇನ್ನೊಂದು ದಡ. ಗುರು ಮಾತ್ರ ದುರ್ಗದ ಮನೆಯಲ್ಲಿ ಉಳಿದು, ಪಕ್ಷಭೇದವಿಲ್ಲದೆ ಬರುತ್ತಿದ್ದವರನ್ನು ಬರಮಾಡಿಕೊಂಡರು. ಶುದ್ಧಹಸ್ತರೆಂಬ ಮಾತನ್ನು ಅವರ ವಿರೋಧಿಗಳೂ ಅಲ್ಲಗಳೆಯಲಿಲ್ಲ. 2000ದ ಆಗಸ್ಟ್‌ನಲ್ಲಿ, 97ನೆಯ ವಯಸ್ಸಿನಲ್ಲಿ, ಅವರು ಚಿತ್ರದುರ್ಗದಲ್ಲಿ ಕೊನೆಯುಸಿರೆಳೆದರು. ಹೆದ್ದಾರಿ ಬದಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ. 2011ರಲ್ಲಿ ಟಿಬೆಟಿನ ಧರ್ಮಗುರು ದಲೈ ಲಾಮಾ ಅದನ್ನು ಉದ್ಘಾಟಿಸಿದರು. ಬಾಗಲಕೋಟೆಯಲ್ಲಿ ಅವರ ಹೆಸರಿನ ವೈದ್ಯಕೀಯ ಕಾಲೇಜಿದೆ, ಬೆಳಗಾವಿಯಲ್ಲಿ ಸಕ್ಕರೆ ಸಂಸ್ಥೆಯಿದೆ.

ಪಕ್ಷದೊಳಗಿನ ಪೈಪೋಟಿಯಲ್ಲಿ ಹಿಂದೆ ಬಿದ್ದವರು ಸರಿಯಬೇಕೆ, ಉಳಿಯಬೇಕೆ ಎಂಬ ಪ್ರಶ್ನೆಗೆ ನಿಜಲಿಂಗಪ್ಪನವರ ಬದುಕು ಒಂದೇ ಮಾತಿನ ಉತ್ತರ ಕೊಡುವುದಿಲ್ಲ. 1958ರಲ್ಲಿ ಸರಿದದ್ದು ಸರಿಯಾಯಿತು. 1962ರಲ್ಲಿ ಉಳಿದದ್ದೂ ಸರಿಯಾಯಿತು, ಏಕೆಂದರೆ ಎಣಿಸಬೇಕಾದ ಕಡೆ ಅವರಿಗೆ ಬಹುಮತವಿತ್ತು. ಸಿಕ್ಕ ಅಧಿಕಾರವನ್ನು ಸೋತವರೊಡನೆ ಹಂಚಿಕೊಳ್ಳುವ ಔದಾರ್ಯವೂ ಇತ್ತು. 1969ರಲ್ಲಿ ಎಣಿಕೆ ಮುಗಿದ ಮೇಲೂ ಜಗಳ ಮುಗಿಯಲಿಲ್ಲ. ಅಲ್ಲಿ ಸೋತದ್ದು ಒಬ್ಬ ನಾಯಕ ಮಾತ್ರವಲ್ಲ. ಪಕ್ಷದ ಸಂಘಟನೆ ಸರ್ಕಾರವನ್ನು ಪ್ರಶ್ನಿಸಬಲ್ಲದು ಎಂಬ ಹಳೆಯ ಪದ್ಧತಿಯೂ ಅಂದೇ ಸೋತಿತು. ಅದರ ನಷ್ಟವನ್ನು ದೇಶ ಮುಂದೆ ಬಹುಕಾಲ ತುಂಬಿಕೊಡಬೇಕಾಯಿತು.

ಎಣಿಕೆಯವರೆಗೆ ಹೋರಾಡುವುದು ಅಭ್ಯರ್ಥಿಯ ಹಕ್ಕು. ಎಣಿಕೆಯ ನಂತರ ನಿಲ್ಲಿಸುವುದು ನಾಯಕನ ಹೊಣೆ. 1962ರಲ್ಲಿ ಹೊಸದುರ್ಗದ ಮತದಾರರ ಎಣಿಕೆಯನ್ನು ತಲೆಬಾಗಿ ಒಪ್ಪಿಕೊಂಡ ನಿಜಲಿಂಗಪ್ಪನವರಿಗೆ ಈ ಸತ್ಯ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಸ್ವಂತದ ಸೋಲನ್ನು ನುಂಗುವುದಕ್ಕಿಂತ ತಾನು ನಂಬಿದ ಸಂಸ್ಥೆಯ ಸೋಲನ್ನು ನುಂಗುವುದು ಕಷ್ಟ ಎಂಬುದಷ್ಟೇ ಅವರ ಬದುಕು ಉಳಿಸಿಹೋದ ಮಾತು.